ದೆವ್ವದ ಮುಖ ಹೊಲಿದವನ ಬೇಡಿಕೆ

ಸಿನಿಮಾಗಳಿಗೆ ಪ್ರಮಾಣಪತ್ರ ಕೊಡುವ ಮಾನ್ಯ ಅಧಿಕಾರಿಗಳೇ,

ತಾವು ಇತ್ತೀಚೆಗೆ ಪಾಸು ಮಾಡಿದ ಮುಖವಿಲ್ಲದ ಹೆಂಗಸಿನ ಸಿನಿಮಾದಲ್ಲಿರುವ ದೆವ್ವ ನನ್ನ ಹೆಂಡತಿ ದಾನಮ್ಮ. ಆಕೆ ಬದುಕಿದ್ದಾಳೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಾಳೆ. 'ಎಲ್ಲ ಪಾತ್ರಗಳೂ ಕಾಲ್ಪನಿಕ' ಎಂಬ ಸಾಲಿಗೆ ತಾವು ಒಪ್ಪಿಗೆ ಕೊಟ್ಟಿದ್ದೀರಿ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಈ ವಿಷಯ ತಮ್ಮಿಂದ ನನಗೆ ತಿಳಿಯಬೇಕಾಯಿತು.

ನಡೆದದ್ದು ಇಷ್ಟೇ. ಕಲ್ಲು ಕೊಯ್ಯುವಾಗ ಏಳುವ ಬಿಳಿ ಧೂಳು ಎದೆಗೆ ಇಳಿಯದಿರಲೆಂದು ಅಲ್ಲಿಯ ಹೆಂಗಸರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ನಾನು ಟೇಲರ್. ನಮ್ಮಪ್ಪನ ಹಳೇ ಧೋತರ ಕತ್ತರಿಸಿ, ಹಣೆಯಿಂದ ಗಲ್ಲದವರೆಗೆ ಮುಚ್ಚುವಂತೆ, ಹಿಂದೆ ಲಾಡಿ ಇಟ್ಟು ನಾನೇ ಹೊಲಿದುಕೊಟ್ಟೆ. ತೊಳೆದು ತೊಳೆದು ತೆಳುವಾದ ಬಟ್ಟೆ, ಕಟ್ಟಿಕೊಂಡವರಿಗೆ ದಾರಿ ಕಾಣುತ್ತದೆ. ಒಂದು ಸಂಜೆ ಕೆಲಸ ಬಿಟ್ಟು ಹಳಿಯ ಪಕ್ಕದಲ್ಲಿ ಬರುತ್ತಿದ್ದಾಗ, ಸಿಗ್ನಲ್ ಸಿಗದೆ ನಿಂತಿದ್ದ ರೈಲಿನಿಂದ ಯಾರೋ ಅವಳ ವಿಡಿಯೋ ಮಾಡಿದರು. ಮೈಯೆಲ್ಲ ಬಿಳಿ, ಮುಖವಿಲ್ಲ. ಇಂಟರ್‌ನೆಟ್ಟಿಗೆ ಇನ್ನೇನು ಬೇಕು? ವಿಡಿಯೋದಲ್ಲಿ ಸಂಜೆಯ ಬಿಸಿಲನ್ನು ಕತ್ತಲೆ ಮಾಡಿದರು. ಅವಳು ಹಾದುಹೋದ ಮನೆಯ ಕೂಸು ಉಳಿಯುವುದಿಲ್ಲ ಎಂದು ಒಬ್ಬ ಬರೆದ. ನಾವೂ ಕಂಡೆವು ಎನ್ನುವವರು ವಾಡಿಯಿಂದ ಚಿಂಚೋಳಿಯವರೆಗೆ ಹುಟ್ಟಿಕೊಂಡರು. ಚಿಂಚೋಳಿಗೆ ಹೋಗಲು ದಾನಮ್ಮನಿಗೆ ರಜೆ ಕೊಟ್ಟವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಕೊನೆಗೆ ಆ ಕತೆಯನ್ನೆತ್ತಿಕೊಂಡು ಸಿನಿಮಾ ಮಾಡಿದರು.

ಕಲಬುರಗಿಗೆ ಹೋಗಿ ನಾನೂ ನೋಡಿದೆ. ಅದೇ ಬಟ್ಟೆ, ಅದೇ ಲಾಡಿ. ಮುಖ ಹೊಲಿದವನ ಹೆಸರು ಮಾತ್ರ ಹಾಕಿರಲಿಲ್ಲ. ದೆವ್ವದ ಕೈಯಲ್ಲಿ ಬುತ್ತಿ ಡಬ್ಬಿ, ಅದರೊಳಗೆ ಮಕ್ಕಳ ಬೆರಳುಗಳು. ಆ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯ ಬಿಟ್ಟು ಬೇರೇನೂ ಹೋದದ್ದನ್ನು ನಾನು ಕಂಡಿಲ್ಲ. ಸುತ್ತಲಿನವರು ಚೀರಿದರು. ನನಗೆ ಅಂಜಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಇಂಟರ್ವಲ್ಲಿನಲ್ಲಿ ಚಹಾ ಕುಡಿದೆ.

ಸಿನಿಮಾ ಬಂದ ಮೇಲೆ, ಬಟ್ಟೆ ಕಟ್ಟಿದ ಅವಳು ಕಂಡಲ್ಲೆಲ್ಲ, ದಾರಿಯಲ್ಲೂ ಕಾರ್ಖಾನೆಯ ಬೇಲಿಯಾಚೆಯಿಂದಲೂ, ನಮ್ಮ ಓಣಿಯವರೇ ಕಲ್ಲು ತೂರಿದರು. ಒಂದು ಭುಜಕ್ಕೆ ಬಿತ್ತು. ಮರುದಿನ ಅವಳು ಬರಿಮುಖದಲ್ಲಿ ಹೊರಟಳು.

"ಬಟ್ಟಿ ಮರ್ತಿ ನೋಡು," ಎಂದೆ.

"ಮರ್ತಿಲ್ಲರಿ. ಧೂಳ ಒಳಗ ಹೋದ್ರ ಹೋಗ್ಲಿ. ಮಂದಿ ಕಲ್ಲ ಒಗ್ಯೋದು ನಿಲ್ತದಲ್ಲ."

ನಿಂತಿತು. ಅವಳನ್ನು ನೋಡಿ ಜೊತೆಗಾರ್ತಿ ನೂರಜಹಾನಳೂ ಬಟ್ಟೆ ಬಿಚ್ಚಿಟ್ಟಳು. ಈಗ ದಾನಮ್ಮನಿಗೆ ಕೆಮ್ಮು. ಮಾತಾಡಿದರೂ ಕೆಮ್ಮು, ಮಲಗಿದರೂ ಕೆಮ್ಮು. ಆಸ್ಪತ್ರೆಯಲ್ಲಿ ಡಾಕ್ಟರು, "ಮಾರಿಗಿ ಬಟ್ಟಿ ಕಟ್ಟಲ್ಲೇನಮ್ಮ?" ಎಂದರು. "ಕಟ್ತಿದ್ದೆರಿ. ಸಿನಿಮಾ ಬಂತು," ಎಂದಳು. ಡಾಕ್ಟರಿಗೆ ತಿಳಿಯಲಿಲ್ಲ. ಬಿಡಿಸಿ ಹೇಳುವಷ್ಟು ಉಸಿರು ಅವಳಲ್ಲಿರಲಿಲ್ಲ, ಮನಸ್ಸು ನನ್ನಲ್ಲಿರಲಿಲ್ಲ.

ಸುಮ್ಮನೆ ಕೂತಿಲ್ಲ, ನನ್ನ ಕೈಲಾದದ್ದು ಮಾಡಿದ್ದೇನೆ. ಹೊಸ ಬಟ್ಟೆ ಹೊಲಿದು, ಅದರ ಮೇಲೆ ಬಣ್ಣದ ದಾರದಿಂದ ಕಣ್ಣು, ಮೂಗು, ನಗುವ ಬಾಯಿ ಬಿಡಿಸಿದೆ. ಮುಖವಿದ್ದರೆ ಯಾರೂ ಅಂಜಲಾರರು ಎಂದುಕೊಂಡಿದ್ದೆ. ದಾನಮ್ಮ ಕಟ್ಟಿಕೊಂಡು ಕನ್ನಡಿ ನೋಡಿದಳು.

"ಇದು ಇನ್ನಾ ಅಂಜಿಕಿ ಬರ್ತದರಿ," ಎಂದಳು. ಇಬ್ಬರಿಗೂ ನಗು ಬಂತು. ನನ್ನದು ಬೇಗ ನಿಂತಿತು, ಅವಳದು ಕೆಮ್ಮಾಗಿ ಬಹಳ ಹೊತ್ತು ನಡೆಯಿತು.

ಸಿನಿಮಾ ನಿಲ್ಲಿಸಿ ಎಂದು ನಾನು ಕೇಳುವುದಿಲ್ಲ. ದುಡ್ಡು ಕೊಟ್ಟು ಅಂಜುವವರು ಅಂಜಲಿ. ಆದರೆ ಅದೇ ಸಿನಿಮಾದಲ್ಲಿ ನಾಯಕ ಬೀಡಿ ಹಚ್ಚಿದಾಗಲೆಲ್ಲ, ಧೂಮಪಾನ ಆರೋಗ್ಯಕ್ಕೆ ಹಾನಿಕರ ಎಂಬ ಸಾಲು ಕೆಳಗೆ ಬರುತ್ತದೆ. ನಾಯಕನ ಶ್ವಾಸಕೋಶದ ಬಗ್ಗೆ ಇಷ್ಟು ಕಾಳಜಿ ಇರುವಾಗ ದೆವ್ವದ ಶ್ವಾಸಕೋಶ ಏನು ತಪ್ಪು ಮಾಡಿತ್ತು? ಮುಖವಿಲ್ಲದ ಹೆಂಗಸು ಪರದೆಗೆ ಬಂದಾಗಲೆಲ್ಲ, ಅಷ್ಟೇ ದೊಡ್ಡ ಅಕ್ಷರದಲ್ಲಿ ಈ ಸಾಲೂ ಬರಬೇಕು: 'ಈಕೆ ಧೂಳಿಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ. ಕೆಲಸ ಮುಗಿಸಿ ಮನೆಗೆ ಹೊರಟಿದ್ದಾಳೆ. ದಾರಿ ಬಿಡಿ.'

ಹಳೇ ಧೋತರದ ಬಟ್ಟೆಯನ್ನು ತೊಳೆದು ಮಡಚಿ ಇಟ್ಟಿದ್ದೇನೆ. ಆ ಸಾಲು ಯಾವತ್ತಿನಿಂದ ಬರುತ್ತದೆಂದು ಬೇಗ ಹೇಳಿ ಕಳಿಸಿ. ಅವಳು ಇವತ್ತೂ ಬರಿಮುಖದಲ್ಲೇ ಕೆಲಸಕ್ಕೆ ಹೋಗಿದ್ದಾಳೆ.

ಇಂತಿ,
ಕಾಲ್ಪನಿಕ ಪಾತ್ರವೊಂದರ ಗಂಡ,
ಅರುಣಕುಮಾರ, ಟೇಲರ್
ಶಹಾಬಾದ್