ಶೇರ್‌ಗಾಜಿ ಸುತ್ತುತ್ತಿದ್ದ ಪಟ್ಟಿ

ಫೆಬ್ರವರಿ 4, ಬೆಳಿಗ್ಗೆ
ಏಳುವ ಮೊದಲೇ ಕಾಲಿಗೆ ಬಿಗಿ ಪಟ್ಟಿ ಸುತ್ತಿಸಿಕೊಂಡೆ. ಎದ್ದು ಓಡಾಡಿದರೆ ಕಾಲು ಬಾತುಕೊಳ್ಳುತ್ತದೆ, ಆಮೇಲೆ ಸುತ್ತುವುದು ಕಷ್ಟ. ಶಾಲೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ನಿಂತ ಕಾಲು — ರಕ್ತನಾಳಗಳು ಸೋತು ಹುಣ್ಣಾಗಿದೆ. ಬಗ್ಗಲು ಸೊಂಟ ಬಿಡುವುದಿಲ್ಲ. ನನ್ನ ಗಂಡ ಶೇರ್‌ಗಾಜಿಯೇ ಮಂಡಿಯೂರಿ ಕೂರುತ್ತಾರೆ. ಬೆರಳ ಬುಡದಿಂದ ಮಂಡಿಯ ಕೆಳಗಿನವರೆಗೆ. ಒಂದು ಸುಕ್ಕಿಲ್ಲ. ಹರೆಯದಲ್ಲಿ ಪಂದ್ಯದ ಕುದುರೆಗಳ ಕಾಲಿಗೆ ಸುತ್ತಿದ ಕೈ.
"ಕುದುರೆ ಆದ್ರೆ ಸುಮ್ನೆ ನಿಂತ್ಕೊಳ್ಳೋದು. ನೀನು ಬಾಯೇ ಮುಚ್ಚಲ್ವಲ್ಲೇ."
"ಹೋಗಿ, ಆ ಕುದುರೆ ಕೈಲೇ ಅಡುಗೆ ಮಾಡಿಸ್ಕೊಳ್ಳಿ."

ಫೆಬ್ರವರಿ 19
ನರಿನ್ ಪೇಟೆಗೆ ಹೋಗಿ ಬಂದೆವು. ಡಾಕ್ಟರಮ್ಮನಿಗೆ ಖುಷಿ. ಹಿಮ್ಮಡಿಯ ಮೇಲಿನ ಹುಣ್ಣು ಉಗುರಿನಷ್ಟಕ್ಕೆ ಇಳಿದಿದೆ. ಪಟ್ಟಿಯ ಬಿಗಿ ಮಾತ್ರ ತಪ್ಪಬಾರದಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಶೇರ್‌ಗಾಜಿ ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು, ಎಲ್ಲರೆದುರು. ನಾಚಿಕೆ... ಸಂತೋಷವೂ.

ಮಾರ್ಚ್ 2
ಶೇರ್‌ಗಾಜಿ ಹೋದರು. ಕೊಟ್ಟಿಗೆಯಲ್ಲಿ, ಎದೆ ಹಿಡಿದುಕೊಂಡು.

ಮಾರ್ಚ್ 4
ಇವತ್ತು ಗಂಡಸರು ಮಣ್ಣು ಮಾಡಿ ಬಂದರು. ಅಲ್ಲಿಯವರೆಗೆ, ನಮ್ಮ ಪದ್ಧತಿಯಂತೆ, ಅಂಗಳದಲ್ಲಿ ಹಾಕಿದ ಉಣ್ಣೆ ಗುಡಾರದಲ್ಲಿ ಶೇರ್‌ಗಾಜಿ ಮಲಗಿದ್ದರು. ಪಕ್ಕದಲ್ಲಿ ನಾವು ಹೆಂಗಸರು, ಕಾಲು ಮಡಚಿ, ಗೋಡೆಗೆ ಮುಖ ಮಾಡಿ, ಬಂದವರಿಗೆಲ್ಲ ಹಾಡಿ ಅಳುತ್ತ. ಪಟ್ಟಿ ಜಾರಿ ಹಗ್ಗದಂತಾಗಿ ಕಡಿಯತೊಡಗಿತು. ಕಾಲು ಚಾಚಿದೆ. ಅವರ ಅಕ್ಕ ಬಾತ್ಮಾ ಕಿವಿಯಲ್ಲಿ ಗದರಿದರು.
"ಗಂಡನ ಹೆಣದ ಮುಂದೆ ಕಾಲು ಚಾಚ್ತೀಯಾ? ಜನ ಏನಂದಾರು?"
ಮಡಚಿದೆ. ಪಟ್ಟಿ ಬಿಚ್ಚಿ ಹಾಸಿನ ಕೆಳಗೆ ತಳ್ಳಿದೆ.

ಮಾರ್ಚ್ 27
ಬರೆಯುವುದಕ್ಕೇನಿತ್ತು... ಹುಣ್ಣು ಮತ್ತೆ ಒಡೆದಿದೆ. ಅಂಗೈಯಗಲ. ವಾಸನೆ ಬಂದು ಬಾತ್ಮಾ ಅತ್ತಿಗೆ ಲಂಗ ಎತ್ತಿ ನೋಡಿದರು.
"ಇಷ್ಟಾಗೋವರೆಗೂ ಬಾಯಿಗೇನಾಗಿತ್ತೇ ನಿಂಗೆ?"
ಬೈದು ಬೈದು ಕೊನೆಗೆ ಅಳುತ್ತ ಕೂತರು. ತಪ್ಪು ಅವರದೊಂದೇ ಅಲ್ಲ. ಗುಡಾರ ಬಿಚ್ಚಿದ ಮೇಲೂ ನಾನು ಪಟ್ಟಿ ಮುಟ್ಟಲಿಲ್ಲ. ಬೇರೆಯವರ ಕೈ ಬೇಡವಾಗಿತ್ತು.

ಏಪ್ರಿಲ್ 3
ಡಾಕ್ಟರಮ್ಮ ಈ ಸಲ ನಗಲಿಲ್ಲ. ಪಟ್ಟಿ ಕಟ್ಟದಿದ್ದರೆ ಮಾಯುವುದಿಲ್ಲ. ಇನ್ನೂ ಬೆಳೆದರೆ ಬಿಷ್ಕೆಕ್‌ನ ಆಸ್ಪತ್ರೆ, ತೊಡೆಯ ಚರ್ಮ ತೆಗೆದು ಹಚ್ಚುವುದು. "ಮನೇಲಿ ಯಾರು ಸುತ್ತುತ್ತಾರಮ್ಮ?" ಎಂದು ಕೇಳಿದರು. ಲಂಗವನ್ನು ಕಾಲಿನ ಮೇಲೆ ಎಳೆದುಕೊಂಡೆ.

ಏಪ್ರಿಲ್ 6, ಬೆಳಿಗ್ಗೆ
ಸೊಸೆ ಐಪೇರಿ ಹೊಸ ಪಟ್ಟಿ ಹಿಡಿದು ಬಂದಳು. ಬಾಗಿಲು ಹಾಕಿದಳು.
"ಕಾಲು ಕೊಡಿ ಅತ್ತೆ."
"ಬೇಡಮ್ಮ. ನಾತ."
"ಮೂರು ಮಕ್ಕಳ ಹೇಲು ಬಳಿದಿದೀನಿ. ನಂಗೆ ನಾತ ಹೇಳ್ತೀರಾ? ಕೊಡಿ."
ಮೊದಲು ಸುತ್ತಿದ್ದು ಸಡಿಲ, ಜಾರಿತು. ಮತ್ತೆ ಬಿಗಿದು ಸುತ್ತಿದಳು, ನೋವಿಗೆ ಕಿರುಚಿಕೊಂಡೆ. ಬಿಚ್ಚಿ ಮುಖ ನೋಡಿದಳು.
"ಮಾವ ಹೆಂಗೆ ಸುತ್ತೋರು? ಹೇಳ್ಕೊಡಿ."
ಹೇಳಿಕೊಟ್ಟೆ. ಪಾದ ಮೇಲಕ್ಕೆ ಬಾಗಿಸಿ ಹಿಡಿಯಬೇಕು, ಹಿಮ್ಮಡಿ ಬಿಡಬಾರದು, ಒಂದು ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ಎಲ್ಲ ಮುಗಿದ ಮೇಲೆ ಶೇರ್‌ಗಾಜಿ ಎರಡೂ ಕೈಯಲ್ಲಿ ಪಾದ ಹಿಡಿದು, ಒಂದು ಗಳಿಗೆ ಹಾಗೇ ಕೂರುತ್ತಿದ್ದರು... ಅದೊಂದನ್ನು ಮಾತ್ರ ಹೇಳಿಕೊಡಲಿಲ್ಲ.