ನನ್ನ ಮುರಿದ ಕಾಲು

ತಮ್ಮಾ,

ಓದಲು ನೀನಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ವಾರವಾರ ಜೈಲಿಗೆ ಬಂದು ನಿನ್ನೊಡನೆ ಪ್ರಾರ್ಥನೆ ಮಾಡುತ್ತಿದ್ದ ಚರ್ಚಿನ ಹೆಂಗಸು ಇವತ್ತು ನಿನ್ನ ಕನ್ನಡಕ, ಬೈಬಲ್ ಕೊಡಲು ಮನೆಗೆ ಬಂದಿದ್ದಳು. ಕೈದಿಗಳ ಸ್ನೇಹ ಮಾಡಿ ಸ್ವರ್ಗದಲ್ಲಿ ಸೀಟು ಹಿಡಿಯುವ ಈ ಜನರನ್ನು ಕಂಡರೆ ನನಗಾಗದು. ಆ ಪುಕ್ಕಟೆ ನಗು, ಕೇಳದೆಯೇ ಕೈ ಹಿಡಿದುಕೊಳ್ಳುವ ಚಟ. ನೀನು ಸತ್ತು ಹದಿನೈದು ದಿನವಾಗಿಲ್ಲ, "ಅವರು ನನಗೂ ತಮ್ಮನ ಹಾಗೇ ಇದ್ರು" ಅಂದಳು. ಬಿಟ್ಟಿ ಅಕ್ಕ! ಒಡಹುಟ್ಟಿದವಳು ನಾನು ಎದುರಿಗೇ ಕೂತಿದ್ದೆ. ಬಾಗಿಲು ತೋರಿಸೋಣವೆಂದು ದಡಕ್ಕನೆ ಎದ್ದೆ.

ಅವಳು ಗಾಬರಿಯಿಂದ ನನ್ನ ತೋಳು ಹಿಡಿದಳು. "ಅಯ್ಯೋ, ನಿಧಾನ ಅಕ್ಕಾ! ಕಾಲು ಈಗ ಹೇಗಿದೆ?"

"ಯಾವ ಕಾಲು?"

"ಮುರಿದಿತ್ತಲ್ಲ, ಅದಕ್ಕೇ ಅಲ್ವಾ ನಿಮಗೆ ಜೈಲಿಗೆ ಬರೋಕೆ ಆಗ್ತಾ ಇರಲಿಲ್ಲ? ಆರು ವರ್ಷದಿಂದ ನಿಮ್ಮ ತಮ್ಮ ಮೊದಲು ಅದಕ್ಕೇ ಪ್ರಾರ್ಥನೆ ಮಾಡಿಸ್ತಿದ್ರು."

ಆರು ವರ್ಷ ವಾಸಿಯಾಗದ ಕಾಲು! ನಂಬಿಬಿಟ್ಟಿದ್ದಾಳೆ, ದಡ್ಡಿ.

ಜೈಲು ನಮ್ಮ ಮನೆಯಿಂದ ಎರಡೇ ಸ್ಟಾಪು.

"ಇನ್ನೂ ಸ್ವಲ್ಪ ನೋವಿದೆ" ಎಂದೆ. ಅವಳಿಗೆ ಚಹಾ ಮಾಡಲು ಅಡುಗೆಮನೆಯವರೆಗೂ ಕುಂಟುತ್ತಾ ಹೋದೆ.