ಮಾವನ ಚಳಿಯ ಲೆಕ್ಕ

ಮನೆ, ರಿಪೇರಿ ಮೇಜಿನಿಂದ
ಜನವರಿ ೧೩, ಮಂಗಳವಾರ

ಪ್ರೀತಿಯ ಯಜಮಾನರಿಗೆ,

ಕೆಮ್ಮು ಹೇಗಿದೆ? ಆ ಪವರ್‌ಹೌಸಿನ ಸುರಂಗದಲ್ಲಿ ಮಫ್ಲರ್ ಸುತ್ತಿಕೊಳ್ಳಿ ಅಂದರೆ ನೀವು ಕೇಳುವವರಲ್ಲ, ಆದರೂ ಹೇಳಿದ್ದೇನೆ. ಫೋರ್‌ಮನ್ ಕೆಲಸ ನಿಮಗೇ ಸಿಗಬಹುದು ಎಂದು ಬರೆದಿದ್ದಿರಲ್ಲ, ಓದಿ ಹೇಳಿದಾಗ ಮಾವ "ನನ್ನ ಮಗ ಅಲ್ವಾ" ಎಂದು ಮೀಸೆ ತಿರುವಿದರು. ಚಿಕ್ಕವಳ ಮುಂದಿನ ಹಲ್ಲು ಬಿದ್ದಿದೆ. ಅಂಗಡಿಗೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಬರುತ್ತಲೇ ಇವೆ.

ಈಗ ಮಾವನ ಚಳಿಯ ವಿಷಯ. ಹೀಟರಿನ ಪಕ್ಕದಲ್ಲೇ ಕೂತು ನಡುಗುತ್ತಾರೆ ಎಂದು ನಾನು ಬರೆದದ್ದಕ್ಕೆ, "ದೋಷ ಹೀಟರಿಂದಾ, ಅಪ್ಪಂದಾ ನೋಡಿ ತಿಳಿಸು. ಅಪ್ಪಂದಾದ್ರೆ ಈ ಕೆಲಸ ಕೈಬಿಟ್ಟು ಹೋದ್ರೂ ಸರಿ, ಬಂದ್ಬಿಡ್ತೀನಿ" ಎಂದಿರಿ. ಡಾಕ್ಟರು ವಯಸ್ಸಾಯಿತಲ್ಲ ಎಂದಷ್ಟೇ ಹೇಳಿ ಕಳಿಸಿದ್ದರು. ಹಾಗಾಗಿ ಈ ಚಳಿಗಾಲಕ್ಕೆಂದು ಅಟ್ಟದಿಂದ ಇಳಿಸಿದ ಆ ಹಳೇ ಹೀಟರನ್ನೇ ಇವತ್ತು ಮೇಜಿನ ಮೇಲಿಟ್ಟೆ. ಬೆನ್ನಿನ ತಗಡಿನ ಮೇಲೆ ಸಾವಿರ ವ್ಯಾಟ್ ಎಂದಿದೆ. ಪ್ಲಗ್ಗಿನಲ್ಲಿ ಇನ್ನೂರ ಮೂವತ್ತು ವೋಲ್ಟ್ ಇದೆ. ಅಂದಮೇಲೆ ನಾಲ್ಕು ಆಂಪಿಯರಿಗಿಂತ ಹೆಚ್ಚೇ ಎಳೆಯಬೇಕು ತಾನೇ? ಮೀಟರ್ ಹಿಡಿದರೆ ಒಂದು ಆಂಪಿಯರ್ ಚಿಲ್ಲರೆ! ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದೆ, ರೆಸಿಸ್ಟೆನ್ಸ್ ಇನ್ನೂರು ಓಮ್ ದಾಟಿತು. ಇರಬೇಕಾದದ್ದು ಐವತ್ತಮೂರು. ವೋಲ್ಟು, ಆಂಪಿಯರು ಎರಡನ್ನೂ ಗುಣಿಸಿದೆ, ಇನ್ನೂರೈವತ್ತು ವ್ಯಾಟ್. ಕಾಲು ಭಾಗ ಶಾಖ! ಅದಕ್ಕೆ ನಮ್ಮ ಬೆಕ್ಕೂ ಹತ್ತಿರ ಸುಳಿಯುತ್ತಿರಲಿಲ್ಲ.

ಬಿಚ್ಚಿ ನೋಡಿದೆ. ಒಳಗಿನ ಎರಡು ಕಾಯಿಲ್‌ಗಳೂ ಗಟ್ಟಿಮುಟ್ಟಾಗಿವೆ. ಅಕ್ಕಪಕ್ಕ ಇದ್ದು ಒಂದೊಂದಕ್ಕೂ ಪೂರ್ತಿ ವೋಲ್ಟ್ ಸಿಗಬೇಕಾದ ಅವನ್ನು ಯಾರೋ ಒಂದರ ಬಾಲಕ್ಕೆ ಇನ್ನೊಂದನ್ನು ಸೇರಿಸಿಟ್ಟಿದ್ದಾರೆ. ಜೋಡಿಸಿದ ಕಡೆ ಟೇಪು, ಟೇಪಿನ ಮೇಲೆ ದಾರ, ದಾರಕ್ಕೆ ಎರಡು ಗಂಟು. ಟೇಪಿಗೂ ದಾರ ಕಟ್ಟುವ ಲೈನ್‌ಮನ್ ಈ ಲೋಕದಲ್ಲಿ ಒಬ್ಬರೇ. ಮಾವನನ್ನು ಕರೆದು ತೋರಿಸಿದೆ. "ನಾನೇ ಕಣಮ್ಮ. ನಿಮ್ಮತ್ತೆ ಬಿಲ್ಲು ನೋಡಿ ಬಾಯಿ ಮಾಡೋಳು, ಅದಕ್ಕೇ ಹಿಂಗೆ ಹಾಕ್ದೆ" ಎಂದರು. ಆಗ ಅವರು ದಿನವಿಡೀ ಕಂಬ ಹತ್ತುತ್ತಿದ್ದವರು, ಹೀಟರಿನ ಮುಂದೆ ಯಾವತ್ತು ಕೂತಿದ್ದರು? ಮೇಲೆ ಬೇರೆ "ಇಷ್ಟು ದಿನ ನಿನ್ನ ಕಣ್ಣಿಗೆ ಬೀಳ್ಲಿಲ್ವಾ?" ಎಂದು ನನ್ನನ್ನೇ ಕೆಣಕಿದರು. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ.

ಸರಿಯಾಗಿ ಜೋಡಿಸಿ, ಅವರ ಕೋಣೆಯಲ್ಲಿ ಹಚ್ಚಿಟ್ಟು ಈಗಷ್ಟೇ ಬಂದೆ. ಚಿಕ್ಕವಳು ಆಗಲೇ ಸ್ವೆಟರ್ ಕಿತ್ತೆಸೆದಳು. ದೋಷ ಹೀಟರಿನದು, ಮಾವನದಲ್ಲ. ನೀವು ಬರಬೇಕಾಗಿಲ್ಲ, ನಿಶ್ಚಿಂತೆಯಿಂದ ಕೆಲಸ ನೋಡಿಕೊಳ್ಳಿ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು. ಈಗ ಹೋಯಿತು.

ಮಾವನ ಆಶೀರ್ವಾದ, ಹಲ್ಲಿಲ್ಲದವಳ ಮುತ್ತು ಎರಡನ್ನೂ ಇದರೊಳಗೇ ಮಡಿಸಿಟ್ಟಿದ್ದೇನೆ.

ನಿಮ್ಮ
ರಿಪೇರಿಯವಳು

ತಾ.ಕ.: ಲಕೋಟೆ ಅಂಟಿಸುವ ಮೊದಲು ಮಾವನ ಕೋಣೆಗೆ ಹೋಗಿದ್ದೆ. ಹೀಟರ್ ಕೆಂಪಗೆ ಕಾದಿದೆ, ನಿಂತ ನನಗೇ ಬೆವರು. ಅವರು ಎರಡು ಕಂಬಳಿ ಹೊದ್ದು, "ಚಳಿ ಕಣಮ್ಮ, ಇನ್ನೊಂದ್ಸಲ ನೋಡು" ಎಂದರು. ಮತ್ತೆ ಮೀಟರ್ ಹಿಡಿದೆ. ವೋಲ್ಟ್ ಸರಿಯಿದೆ, ಆಂಪಿಯರ್ ಸರಿಯಿದೆ, ಗುಣಿಸಿದರೆ ಸಾವಿರದ ಹತ್ತಿರ ಬರುತ್ತದೆ. "ಹೀಟರಲ್ಲೇ ಇನ್ನೂ ಏನೋ ತೊಂದ್ರೆ ಇದೆ ಮಾವ" ಎಂದು ಸುಳ್ಳು ಹೇಳಿ ಬಂದೆ. ಮೇಲೆ ಬರೆದದ್ದನ್ನು ನಂಬಬೇಡಿ. ಹೊರಟು ಬನ್ನಿ.